ಬೆನ್ನಿನೊಳಗಿನ ತಾರೀಖುಗಳು

ನಮ್ಮ ಕಾಲೇಜಿನ ಗ್ರಂಥಾಲಯಕ್ಕೆ ಎರಡು ಬಾಗಿಲುಗಳಿದ್ದವು. ಮುಂಬಾಗಿಲಿನಿಂದ ಓದುವವರು ಬರುತ್ತಿದ್ದರು. ಹಿಂಬಾಗಿಲಿನಿಂದ ಹರಿದ ಪುಸ್ತಕಗಳು ಹೋಗುತ್ತಿದ್ದವು. ಹಿಂಬಾಗಿಲಿನಾಚೆ ಇದ್ದದ್ದು ಒಂದು ಉದ್ದನೆಯ ಕೋಣೆ: ಉತ್ತರಕ್ಕೊಂದು ಕಿಟಕಿ, ಎರಡು ಮೇಜು, ಗೋಡೆಯ ಪಕ್ಕದಲ್ಲಿ ಕಬ್ಬಿಣದ ಒತ್ತುಯಂತ್ರ, ಮೂಲೆಯ ಒಲೆಯ ಮೇಲೆ ಮೈದಾ ಅಂಟಿನ ಪಾತ್ರೆ. ಹುಳ ಬೀಳದಿರಲೆಂದು ಅಂಟಿಗೆ ಚಿಟಿಕೆ ಮೈಲುತುತ್ತ ಬೆರೆಸುತ್ತಿದ್ದುದರಿಂದ ಮೇಜಿನ ಅಂಚೆಲ್ಲ ತಿಳಿನೀಲಿ ಬಣ್ಣಕ್ಕೆ ತಿರುಗಿತ್ತು. ಆ ಕೋಣೆಯಲ್ಲಿ ಕುಳಿತು ಮೂವತ್ತೊಂದು ವರ್ಷ ಪುಸ್ತಕ ಹೊಲಿದವಳು ಗೋಂದಕ್ಕ.

ಹಾಜರಿ ಪುಸ್ತಕದಲ್ಲಿ ಅವಳಿಗೆ ಬೇರೊಂದು ಹೆಸರಿತ್ತು. ಒಮ್ಮೆ ಕಚೇರಿಯ ಗುಮಾಸ್ತರು ಆ ಹೆಸರು ಹಿಡಿದು ಕೂಗಿದಾಗ ಎಲ್ಲರ ಜೊತೆ ಅವಳೂ ಹಿಂತಿರುಗಿ ನೋಡಿದ್ದಳು, ಯಾರನ್ನಪ್ಪಾ ಕರೆಯುತ್ತಿದ್ದಾರೆ ಎಂದು.

ಅವಳ ಅಪ್ಪ ಛಾಪಖಾನೆಯೊಂದರಲ್ಲಿ ಬೈಂಡರ್ ಆಗಿದ್ದವರು. ಅವರ ಕಣ್ಣು ಮಂಜಾದ ಮೇಲೆ ಮಗಳು ದಬ್ಬಳ ಹಿಡಿದಳು. ನಮ್ಮ ಕಾಲೇಜಿಗೆ ಬಂದಾಗ ಅವಳಿಗೆ ಇಪ್ಪತ್ತಾರೋ ಇಪ್ಪತ್ತೇಳೋ. ಬಂದ ಮೊದಲ ವಾರವೇ ಜಗಳ. ಮಧ್ಯಾಹ್ನದ ಬಿಡುವಿನಲ್ಲಿ ಅವಳು ವಾಚನಾಲಯದ ಕುರ್ಚಿಯ ಮೇಲೆ ಕುಳಿತು ತಾನು ಹೊಲಿದ ಪುಸ್ತಕವನ್ನು ಓದುತ್ತಿದ್ದಳಂತೆ. ಆಗಿನ ಗ್ರಂಥಪಾಲಕರು, ಈಗ ಅವರಿಲ್ಲ, ಬಂದು ಹೇಳಿದರು:

"ಕೆಲಸದವರು ಇಲ್ಲಿ ಕೂತ್ಕೋಬಾರದಮ್ಮ. ಇದು ಓದೋರ ಜಾಗ."

"ನಾನು ಓದ್ತಾನೇ ಇದೀನಲ್ಲ ಸಾರ್."

"ಹಾಗಲ್ಲ. ಹೊಲಿಯೋದು ನಿನ್ನ ಕೆಲಸ."

"ರುಚಿ ನೋಡದೆ ಬಡಿಸೋ ಅಡುಗೆಯವಳನ್ನ ನೀವು ಇಟ್ಕೋತೀರಾ ಸಾರ್? ನಾನು ಹೊಲಿದ ಪುಸ್ತಕದಲ್ಲಿ ಒಂದು ಪುಟನಾದ್ರೂ ಓದದೆ ಕೆಳಗಿಡಲ್ಲ. ಬೇಡ ಅಂದ್ರೆ ಹೇಳಿ, ಹೊಲಿಯೋದನ್ನೂ ಬಿಡ್ತೀನಿ."

ಅವರು ಬೇಡವೆನ್ನಲಿಲ್ಲ. ಅಂದಿನಿಂದ ಕಾವಲುಗಾರ, ತೋಟದವನು, ಕಸ ಗುಡಿಸುವಾಕೆ ಎಲ್ಲರೂ ಬಿಡುವಿನಲ್ಲಿ ಆ ಕುರ್ಚಿಗಳ ಮೇಲೆ ಕುಳಿತು ಪತ್ರಿಕೆ ಓದುವುದು ರೂಢಿಯಾಯಿತು. ಇದಕ್ಕೆ ಯಾರೂ ಆಜ್ಞೆ ಹೊರಡಿಸಲಿಲ್ಲ, ಯಾವ ಸಭೆಯೂ ನಡೆಯಲಿಲ್ಲ. ಒಬ್ಬಳು ಎದ್ದು ಹೋಗಲಿಲ್ಲ, ಅಷ್ಟೆ.

ಹರಿದ ಪುಸ್ತಕ ಬಂದರೆ ಗೋಂದಕ್ಕ ಮೊದಲು ಅದರ ರಟ್ಟು ಬಿಚ್ಚಿ, ಹಳೆಯ ಅಂಟನ್ನು ಕೆರೆದು ತೆಗೆದು, ಒಂದೊಂದೇ ಫಾರಮನ್ನು, ಎಂದರೆ ಮಡಚಿದ ಹಾಳೆಗಳ ಕಟ್ಟನ್ನು, ಮೇಣ ತಿಕ್ಕಿದ ದಾರದಿಂದ ಹೊಲಿಯುತ್ತಿದ್ದಳು. ಆಮೇಲೆ ಬೆನ್ನಿಗೆ ಕಾಗದದ ಪಟ್ಟಿ, ಅದರ ಮೇಲೆ ನೀಲಿ ಕ್ಯಾಲಿಕೋ ಬಟ್ಟೆ. ಕೊನೆಯ ಹಾಳೆಗೆ ಅಂಟಿಸಿರುತ್ತಿದ್ದ ತಾರೀಖು ಚೀಟಿ, ಎಂದರೆ ಪುಸ್ತಕವನ್ನು ಯಾವ ದಿನ ಯಾರು ಒಯ್ದರೆಂದು ಮುದ್ರೆ ಒತ್ತಿ ಪಕ್ಕದಲ್ಲಿ ಅವರ ಕಾರ್ಡಿನ ಸಂಖ್ಯೆ ಬರೆಯುವ ಚೀಟಿ, ಹಳೆಯ ಹಾಳೆಯ ಜೊತೆಗೇ ಕಳಚಿ ಬರುತ್ತಿತ್ತು. ಅವಳು ಹೊಸ ಹಾಳೆಗೆ ಹೊಸ ಚೀಟಿ ಅಂಟಿಸುತ್ತಿದ್ದಳು. ಹಳೆಯದನ್ನು ಬುಟ್ಟಿಗೆ ಹಾಕುತ್ತಿರಲಿಲ್ಲ. "ಯಾವ ಪುಸ್ತಕದ ಕಾಗದವೋ ಅದೇ ಪುಸ್ತಕಕ್ಕೆ ಹೋಗಬೇಕು" ಎಂಬುದು ಅಪ್ಪ ಕಲಿಸಿದ ಪಾಠ. ಆ ಹಳೆಯ ಚೀಟಿಗಳನ್ನೇ ಒಂದರ ಮೇಲೊಂದು ಅಂಟಿಸಿ ಬೆನ್ನಿನ ಪಟ್ಟಿ ಮಾಡುತ್ತಿದ್ದಳು. ಮೇಲೆ ಬಟ್ಟೆ ಬಂದ ಮೇಲೆ ಒಳಗೇನಿದೆಯೆಂದು ಯಾರಿಗೆ ಕಾಣುತ್ತದೆ? ಈ ಸಣ್ಣ ರೂಢಿಯನ್ನು ಓದುಗರು ನೆನಪಿನಲ್ಲಿಡಬೇಕು. ಮುಂದಿನ ರಾದ್ಧಾಂತಕ್ಕೆಲ್ಲ ಇದೇ ಮೂಲ.

ಆ ಕೋಣೆಗೆ ಪುಸ್ತಕಗಳಷ್ಟೇ ಅಲ್ಲ, ವಿದ್ಯಾರ್ಥಿಗಳೂ ಬರುತ್ತಿದ್ದರು. ಪರೀಕ್ಷೆ ಹತ್ತಿರವಾದಾಗ ಮುಖ ಸೊಟ್ಟಗಾದವರು, ಮನೆಯ ನೆನಪಾಗಿ ಕಣ್ಣು ತುಂಬಿಕೊಂಡವರು, ಯಾರ ಜೊತೆಗೋ ಮಾತು ಬಿಟ್ಟವರು. ಅವಳು ಯಾರನ್ನೂ "ಏನಾಯ್ತು?" ಎಂದು ಕೇಳುತ್ತಿರಲಿಲ್ಲ. ಒಂದು ಕಟ್ಟು ಕಾಗದ ಮುಂದಿಡುತ್ತಿದ್ದಳು. "ಮಡಚು ಮಗಾ. ಅಳೋದಾದ್ರೆ ಅಳ್ತಾನೇ ಮಡಚು, ಅಂಚು ಮಾತ್ರ ಸೊಟ್ಟ ಆಗಬಾರದು." ಅರ್ಧ ಗಂಟೆ ಮಡಚಿದ ಮೇಲೆ ಹೆಚ್ಚಿನವರಿಗೆ ಹಸಿವಾಗುತ್ತಿತ್ತು. ಹಸಿವಾದರೆ ಬದುಕಿದ ಎಂದು ಅವಳ ಲೆಕ್ಕ.

ಹೀಗೆ ಬಂದವರಲ್ಲಿ ಒಬ್ಬಳು ಗಣಿತದ ವಿದ್ಯಾರ್ಥಿನಿ. ಅವಳ ಬಲಗೈ ಚಿಕ್ಕಂದಿನಿಂದಲೇ ಸ್ವಾಧೀನದಲ್ಲಿರಲಿಲ್ಲ. ದಪ್ಪ ಪುಸ್ತಕವನ್ನು ಒಂದು ಕೈಯಲ್ಲಿ ಬಿಡಿಸಿ ಹಿಡಿದರೆ ಬರೆಯಲು ಕೈಯಿಲ್ಲ. ಬರೆಯಲು ಕೈ ತೆಗೆದರೆ ಪುಸ್ತಕ ಪಟಕ್ಕನೆ ಮುಚ್ಚಿಕೊಳ್ಳುತ್ತದೆ. ಕಲ್ಲು ಹೇರಿ ಓದುತ್ತಿದ್ದಳು. ಗೋಂದಕ್ಕ ಇದನ್ನು ನೋಡಿದಳು. ಮರುದಿನ ಆ ಗಣಿತದ ಪುಸ್ತಕವನ್ನು ಬಿಚ್ಚಿ, ಹೊಲಿಗೆಯನ್ನು ಸಡಿಲಗೊಳಿಸಿ, ಬೆನ್ನಿಗೆ ತೀರ ತೆಳ್ಳನೆಯ ಪಟ್ಟಿ ಕೊಟ್ಟು, ಎಲ್ಲಿ ತೆರೆದರೂ ಅಂಗೈಯಂತೆ ಚಪ್ಪಟೆಯಾಗಿ ಮಲಗುವ ಹಾಗೆ ಕಟ್ಟಿಕೊಟ್ಟಳು. ಅಂಥವರಿಗಾಗಿ ಆ ಬಗೆಯ ಕಟ್ಟು ಆಮೇಲೆ ನಮ್ಮಲ್ಲಿ ಮಾಮೂಲಾಯಿತು. ಆ ಹುಡುಗಿಯೇ ಮುಂದೆ ನಮ್ಮ ಕಾಲೇಜಿಗೆ ಗಣಿತದ ಅಧ್ಯಾಪಕಿಯಾಗಿ ಬಂದಳು. ನಾವೆಲ್ಲ ಗಣಿತದ ಮೇಡಂ ಎನ್ನುತ್ತಿದ್ದೆವು.

ಇನ್ನು ಕಥೆಗೆ ಬರುತ್ತೇನೆ.

ಗೋಂದಕ್ಕ ನಿವೃತ್ತಿಯಾಗಲು ಎರಡು ವರ್ಷ ಇದ್ದಾಗ ಹೊಸ ಪ್ರಾಂಶುಪಾಲರು ಬಂದರು. ಕೆಟ್ಟವರೆಂದು ನಾನು ಹೇಳಲಾರೆ. ಚುರುಕಿನ ಮನುಷ್ಯ, ಬೆಳಗ್ಗೆ ಎಲ್ಲರಿಗಿಂತ ಮೊದಲು ಬರುವವರು. ಆದರೆ ಒಳ್ಳೆಯ ಮಾತುಗಳನ್ನು ಮೊಳೆ ಹೊಡೆದು ಗೋಡೆಗೆ ತೂಗುಹಾಕಿದರೆ ಒಳ್ಳೆಯ ಕೆಲಸ ಆದಂತೆಯೇ ಎಂದು ನಂಬಿದ್ದರು. ಬಂದ ವರ್ಷವೇ ಗ್ರಂಥಾಲಯಕ್ಕೆ ನಾಲ್ಕು ಗುರಿಗಳನ್ನು ಬರೆಸಿ ತೂಗುಹಾಕಿದರು: ನಾಯಕತ್ವ, ಎಲ್ಲರನ್ನೂ ಒಳಗೊಳ್ಳುವಿಕೆ, ನೆಮ್ಮದಿ, ಪರಿಸರ ಕಾಳಜಿ. ವಿದ್ಯಾರ್ಥಿಗಳಿಗೆಲ್ಲ ಒಂದು ಪ್ರಶ್ನಾವಳಿ ಹಂಚಿ, ಉತ್ತರಗಳನ್ನು ತರಿಸಿಕೊಂಡು, ಕಟ್ಟಿಸಿ ಇಡಲು ಹೇಳಿದರು.

ಆಮೇಲೆ ಯೋಜನೆ ಬಂತು. ಪುಸ್ತಕಗಳನ್ನು ಕಂಪ್ಯೂಟರಿಗೆ ಏರಿಸಬೇಕು. ಏರಿಸುವ ಮುನ್ನ ಯಾರೂ ಓದದ ಪುಸ್ತಕಗಳನ್ನು ತೆಗೆದುಹಾಕಬೇಕು. ಹೊರಗಿನಿಂದ ಬಂದ ನಾಲ್ಕು ಜನ ಹತ್ತು ದಿನ ಕುಳಿತು ಪ್ರತಿ ಪುಸ್ತಕದ ಕೊನೆಯ ಹಾಳೆ ತೆರೆದು ನೋಡಿದರು. ಚೀಟಿಯಲ್ಲಿ ಐದಕ್ಕಿಂತ ಕಡಿಮೆ ತಾರೀಖು ಇದ್ದರೆ ಬೆನ್ನಿಗೆ ಕೆಂಪು ಸುಣ್ಣದ ಕಡ್ಡಿಯಿಂದ ಒಂದು ಗೀಟು. ಗೀಟು ಬಿದ್ದವು ಎರಡು ಸಾವಿರದ ಆರುನೂರು. ಅವನ್ನು ಲಾರಿಯಲ್ಲಿ ಕಾಗದದ ಕಾರ್ಖಾನೆಗೆ ಕಳಿಸಿ ಅರೆಸುವುದು. ಅದು ಪರಿಸರ ಕಾಳಜಿ. ಪುಸ್ತಕ ಕಡಿಮೆಯಾದ ಮೇಲೆ ಹೊಲಿಯುವ ಕೋಣೆ ಯಾಕೆ? ಅದನ್ನು ಖಾಲಿ ಮಾಡಿ, ಮೆತ್ತನೆಯ ಆಸನಗಳನ್ನಿಟ್ಟು ವಿದ್ಯಾರ್ಥಿಗಳ ವಿಶ್ರಾಂತಿ ಕೊಠಡಿ ಮಾಡುವುದು, ಅದು ನೆಮ್ಮದಿ. ಒಳ್ಳೆಯ ತೇಗದ ಹಲಗೆಯ ಮೇಲೆ "ನೆಮ್ಮದಿಯ ಕೋಣೆ" ಎಂದು ಬರೆಸಿದ ಫಲಕವೂ ಬಂದುಬಿಟ್ಟಿತು.

ಗೀಟು ಬಿದ್ದ ಪುಸ್ತಕಗಳ ಪಟ್ಟಿಗೆ ಗ್ರಂಥಾಲಯ ಸಮಿತಿಯ ಮೂವರ ಸಹಿ ಬೇಕಿತ್ತು. ಒಬ್ಬರು ಗ್ರಂಥಪಾಲಕರು. ಇವರನ್ನು ವಿದ್ಯಾರ್ಥಿಗಳು ಶ್ ಸಾರ್ ಎಂದು ಕರೆಯುತ್ತಿದ್ದರು, ಜೀವಮಾನದಲ್ಲಿ ಅವರು ಆಡಿದ ಮಾತುಗಳಿಗಿಂತ ತುಟಿಗೆ ಬೆರಳಿಟ್ಟು ಮಾಡಿದ "ಶ್..." ಹೆಚ್ಚು. ಇನ್ನೊಬ್ಬರು ಗಣಿತದ ಮೇಡಂ. ಮೂರನೆಯವನು ನಾನು, ವ್ಯಾಕರಣ ಪಾಠ ಮಾಡುತ್ತಿದ್ದ ಮೇಷ್ಟ್ರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರಂತೆ ಮೂವರೂ ಸಹಿ ಹಾಕಿದೆವು.

ಮೂರನೆಯ ದಿನ ಗೋಂದಕ್ಕ ಅಧ್ಯಾಪಕರ ಕೋಣೆಗೆ ಬಂದಳು. ಅವಳು ಅಲ್ಲಿಗೆ ಬಂದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಕೈಯಲ್ಲಿ ಪಟ್ಟಿಯ ಪ್ರತಿ.

"ಮೇಷ್ಟ್ರೇ, ಇದು ನಿಮ್ಮ ಸಹಿನಾ?"

"ಹೌದಮ್ಮ."

"ಓದಿ ಹಾಕಿದ್ರಾ?"

ನಾನು ಕನ್ನಡಕ ಒರೆಸಿಕೊಂಡೆ. "ಪಟ್ಟಿ ಬಹಳ ಉದ್ದ ಇತ್ತು ಗೋಂದಕ್ಕ."

"ಓಹೋ. ಪಾಠ ಬಹಳ ಉದ್ದ ಇತ್ತು ಸಾರ್ ಅಂತ ಮಕ್ಕಳು ಅಂದ್ರೆ ನೀವು ಏನು ಮಾಡ್ತಿದ್ರಿ?"

"ಬೆಂಚಿನ ಮೇಲೆ ನಿಲ್ಲಿಸ್ತಿದ್ದೆ."

"ಸರಿ. ಬೆಂಚು ಇಲ್ಲೇ ಇದೆ" ಎಂದಳು. ಪಕ್ಕದಲ್ಲಿದ್ದ ರಸಾಯನಶಾಸ್ತ್ರದವರು ಚಹಾ ಕುಡಿಯುತ್ತಿದ್ದವರು ಕೆಮ್ಮಿಕೊಂಡರು. ಅವಳು ನಗಲಿಲ್ಲ. "ಕೆಂಪು ಗೀಟು ಬಿದ್ದಿರೋ ಪುಸ್ತಕಗಳ ಮಧ್ಯೆ ಹೋಗಿ ನಿಂತು ನೋಡಿ ಮೇಷ್ಟ್ರೇ. ನಾಲ್ಕರಲ್ಲಿ ಒಂದು ನೀಲಿ ಬೆನ್ನಿಂದು. ಈಚೆಗೆ ಒಂದು ಒಂದೂವರೆ ವರ್ಷದಲ್ಲಿ ನಾನು ಹೊಲಿದದ್ದು. ಯಾರೂ ಓದದೆ ಇದ್ದಿದ್ರೆ ಅದು ಹರಿದು ನನ್ನ ಹತ್ರ ಯಾಕೆ ಬರ್ತಿತ್ತು?"

ಆಗ ನನಗೆ ಅರ್ಥವಾಯಿತು. ಹೆಚ್ಚು ಓದಿದ್ದು ಹೆಚ್ಚು ಹರಿಯುತ್ತದೆ. ಹರಿದದ್ದು ಹೊಲಿಗೆಗೆ ಹೋಗುತ್ತದೆ. ಹೊಲಿಗೆಯಿಂದ ಬಂದದ್ದಕ್ಕೆ ಹೊಸ ಚೀಟಿ, ಚೀಟಿಯಲ್ಲಿ ಒಂದೋ ಎರಡೋ ತಾರೀಖು. ಎಣಿಸಲು ಬಂದವರಿಗೆ ಇದು ತಿಳಿಯುವಂತಿರಲಿಲ್ಲ. ನಮಗೆ ತಿಳಿಯಬೇಕಿತ್ತು. ಗ್ರಂಥಾಲಯದಲ್ಲಿ ಅತಿ ಹೆಚ್ಚು ಓದಿಸಿಕೊಂಡ ಪುಸ್ತಕಗಳನ್ನೇ ಹುಡುಕಿ ಹುಡುಕಿ ಅರೆಸಲು ಕಳಿಸುತ್ತಿದ್ದೆವು.

"ಪ್ರಾಂಶುಪಾಲರಿಗೆ ಹೇಳಿದೆಯಾ?"

"ಹೇಳಿದೆ. ನೀನು ನಿನ್ನ ಕೋಣೆ ಉಳಿಸ್ಕೊಳ್ಳೋಕೆ ಕಥೆ ಕಟ್ತಿದೀಯ ಅಂದ್ರು. ಪುಸ್ತಕಗಳಿಗೆಲ್ಲ 'ರದ್ದು' ಮುದ್ರೆ ಒತ್ತಿ ಸೋಮವಾರ ಲಾರಿಗೆ ಹಾಕು ಅಂದ್ರು. ಒತ್ತಲ್ಲ ಅಂದೆ."

ರದ್ದು ಮುದ್ರೆಯಿಲ್ಲದೆ ಗ್ರಂಥಾಲಯದ ಪುಸ್ತಕ ಗೇಟು ದಾಟುವಂತಿಲ್ಲ. ಆ ಮುದ್ರೆ ಇರುತ್ತಿದ್ದದ್ದು ಅವಳ ಮೇಜಿನ ಖಾನೆಯಲ್ಲಿ. ಮರುದಿನವೇ ಅವಳ ಕೈಗೆ ಒಂದು ಆದೇಶ ಬಂತು: ಮಂಗಳವಾರದಿಂದ ವಿದ್ಯಾರ್ಥಿನಿಲಯದ ಉಗ್ರಾಣಕ್ಕೆ ವರ್ಗ, ಹಾಸಿಗೆ, ಬಕೆಟ್ಟುಗಳ ಉಸ್ತುವಾರಿ.

ಭಾನುವಾರ ಮಧ್ಯಾಹ್ನ ನಾನು ಅವಳ ಮನೆಗೆ ಹೋದೆ. ಎರಡು ಕೋಣೆಯ ಮನೆ, ಬಾಗಿಲಲ್ಲಿ ಅವಳ ಗಂಡ ಬೂಟಿಗೆ ಪಾಲಿಶ್ ಹಾಕುತ್ತಾ ಕುಳಿತಿದ್ದರು. ಬಸ್ಸಿನ ಚಾಲಕರು, ಮಾತುಗಾರರು.

"ಬನ್ನಿ ಮೇಷ್ಟ್ರೇ, ಬನ್ನಿ. ನೋಡಿ, ಇವಳು ನನಗೂ ರಟ್ಟು ಹಾಕಿ ಇಟ್ಟಿದಾಳೆ. ಮೂವತ್ತು ವರ್ಷ ಆಯ್ತು, ಒಂದು ಹಾಳೆ ಆಚೆ ಬರೋ ಹಾಗಿಲ್ಲ."

"ಬಿಚ್ಚಿದ್ರೆ ಒಳಗೇನಿದೆ, ಬರೀ ಖಾಲಿ ಹಾಳೆ" ಎಂದಳು ಒಳಗಿನಿಂದ ಗೋಂದಕ್ಕ.

ಅವರು ದನಿ ತಗ್ಗಿಸಿದರು. "ನೀವಾದ್ರೂ ಹೇಳಿ. ಇನ್ನು ಎರಡು ವರ್ಷ. ಉಗ್ರಾಣದಲ್ಲಿ ಕೂತು ಬಕೆಟ್ಟು ಎಣಿಸಿದ್ರೆ ಏನು ಗಂಟು ಹೋಗುತ್ತೆ? ಕೈಗೂ ಸ್ವಲ್ಪ ವಿಶ್ರಾಂತಿ. ಬೆರಳು ನೋಡಿ ಅವಳದು, ಬೆಳಗಾದ್ರೆ ಮಡಚೋಕಾಗಲ್ಲ."

ಅವಳು ಚಹಾ ತಂದಿಟ್ಟು ಗಂಡನನ್ನು ನೋಡಿದಳು. "ಬಸ್ಸಿನ ಬ್ರೇಕು ಸರಿ ಇಲ್ಲ ಅಂತ ಗೊತ್ತಾದ ಮೇಲೆ, ಇನ್ನು ಎರಡೇ ಸ್ಟಾಪು ತಾನೇ ಅಂತ ನೀವು ಓಡಿಸ್ತೀರಾ?"

ಅವರು ಬೂಟು ಕೆಳಗಿಟ್ಟರು. "ಇಲ್ಲ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನೋಡಿದ್ರಾ, ಎಲ್ಲಿ ಹಿಡೀಬೇಕೋ ಅಲ್ಲೇ ಹಿಡೀತಾಳೆ" ಎಂದರು.

ನಾನು ಕ್ಷಮೆ ಕೇಳಲು ಹೋದವನು. ಅವಳು ಅದಕ್ಕೆ ಅವಕಾಶವನ್ನೇ ಕೊಡಲಿಲ್ಲ. "ಮೇಷ್ಟ್ರೇ, ನಿಯಮದ ಪುಸ್ತಕ ನಾನೇ ಹೊಲಿದದ್ದು. ಹೊಲಿದಾಗ ಒಂದು ಪುಟ ಓದಿದೆ. ರದ್ದು ಮುದ್ರೆಯನ್ನ ಸಮಿತಿಯವರ ಎದುರಿಗೇ ಒತ್ತಬೇಕು ಅಂತ ಇದೆ. ಹೌದೋ ಅಲ್ವೋ?"

ಹೌದು. ಅದೊಂದು ಹಳೆಯ ನಿಯಮ. ಯಾರೂ ಪಾಲಿಸುತ್ತಿರಲಿಲ್ಲ, ಯಾರೂ ತೆಗೆದುಹಾಕಿಯೂ ಇರಲಿಲ್ಲ.

"ಹಾಗಾದ್ರೆ ನಾಳೆ ನೀವು ಮೂರೂ ಜನ, ಸಾಹೇಬ್ರೂ, ನನ್ನ ಕೋಣೆಗೆ ಬನ್ನಿ. ನನ್ನ ಸ್ಟೂಲ್ ಮೇಲೆ ಕೂತ್ಕೊಳ್ಳಿ. ಒತ್ತೋದೋ ಬಿಡೋದೋ ಅಲ್ಲೇ ತೀರ್ಮಾನ ಆಗಲಿ."

ಸೋಮವಾರ ಬೆಳಗ್ಗೆ ಹತ್ತು ಗಂಟೆಗೆ ಲಾರಿ ಬಂದು ಹಿಂಬಾಗಿಲಿನ ಎದುರು ನಿಂತಿತ್ತು. ಕೋಣೆಯೊಳಗೆ ಸಮಿತಿ. ನಾನು ನಿಯಮ ತೋರಿಸಿದ್ದರಿಂದ ಒಪ್ಪಿ ಬಂದ ಪ್ರಾಂಶುಪಾಲರು ಸ್ಟೂಲಿನ ಮೇಲೆ, ನಾವು ಕಾಗದದ ಕಟ್ಟುಗಳ ಮೇಲೆ. ಫಲಕ ಗೋಡೆಗೆ ಒರಗಿತ್ತು. ಕೆಂಪು ಗೀಟಿನ ಪುಸ್ತಕಗಳು ಸೊಂಟದೆತ್ತರಕ್ಕೆ. ಕಿಟಕಿಯಾಚೆ ಹತ್ತಿಪ್ಪತ್ತು ವಿದ್ಯಾರ್ಥಿಗಳು, ಒಳಗೆ ಬರಲು ಧೈರ್ಯವಿಲ್ಲದೆ, ಹೋಗಲು ಮನಸ್ಸಿಲ್ಲದೆ.

ಗೋಂದಕ್ಕ ಮುದ್ರೆಯನ್ನು, ಮಸಿಯ ಪ್ಯಾಡನ್ನು ಮೇಜಿನ ಮೇಲಿಟ್ಟಳು. ಕಟ್ಟಿನಿಂದ ಒಂದು ಪುಸ್ತಕ ತೆಗೆದುಕೊಂಡಳು. ಅದು ದಪ್ಪನೆಯ ಗಣಿತದ ಪುಸ್ತಕ. ಕೊನೆಯ ಹಾಳೆ ತೆರೆದು ಪ್ರಾಂಶುಪಾಲರ ಮುಂದೆ ಹಿಡಿದಳು.

"ಎಷ್ಟು ತಾರೀಖು ಇದೆ ಸಾರ್?"

"ಎರಡು."

"ಇದನ್ನ ಇಬ್ಬರೇ ಓದಿದಾರೆ ಅಂತ ನಿಮ್ಮ ಲೆಕ್ಕ."

"ನನ್ನ ಲೆಕ್ಕವಲ್ಲಮ್ಮ, ಚೀಟಿಯ ಲೆಕ್ಕ. ಮುದ್ರೆ ಒತ್ತು, ಲಾರಿ ಕಾಯ್ತಿದೆ."

ಅವಳು ಮುದ್ರೆ ತೆಗೆದುಕೊಳ್ಳಲಿಲ್ಲ. ರಟ್ಟು ಕತ್ತರಿಸುವ ಚಾಕು ತೆಗೆದುಕೊಂಡಳು. ಬೆನ್ನಿನ ನೀಲಿ ಬಟ್ಟೆಯನ್ನು ಮೇಲಿನಿಂದ ಕೆಳಗೆ ಒಂದೇ ಎಳೆತಕ್ಕೆ ಸೀಳಿದಳು. ಶ್ ಸಾರ್ ಕುಳಿತಲ್ಲಿಂದ ಎದ್ದು ನಿಂತರು. ತಾನೇ ಹೊಲಿದ ಪುಸ್ತಕಕ್ಕೆ ಅವಳು ಹೀಗೆ ಚಾಕು ಹಾಕಿದ್ದನ್ನು ಅವರು ಎಂದೂ ನೋಡಿರಲಿಲ್ಲ. ಅವಳು ಒದ್ದೆ ಬಟ್ಟೆಯನ್ನು ಬೆನ್ನಿನ ಮೇಲೆ ಒತ್ತಿ ಹಿಡಿದು ಸ್ವಲ್ಪ ಹೊತ್ತು ಕಾದಳು. ಅಂಟು ಸಡಿಲವಾಯಿತು. ಉಗುರಿನಿಂದ ಬಿಡಿಸುತ್ತಾ ಒಂದೊಂದೇ ಚೀಟಿಯನ್ನು ಮೇಜಿನ ಮೇಲೆ ಹಾಸಿದಳು. ಒಂದು, ಎರಡು, ನಾಲ್ಕು, ಏಳು. ಪ್ರತಿಯೊಂದರ ತುಂಬ ನೇರಳೆ ಮಸಿಯ ತಾರೀಖುಗಳು, ಪಕ್ಕದಲ್ಲಿ ಸಂಖ್ಯೆಗಳು.

"ಈಗ ಎಣಿಸಿ ಸಾರ್."

ಎಣಿಸಿದವರು ಗಣಿತದ ಮೇಡಂ. ಎಡಗೈಯ ಬೆರಳಿಟ್ಟು, ಸಾಲು ಹಿಡಿದು. ನೂರಾ ಇಪ್ಪತ್ತಕ್ಕೆ ಬಂದಾಗ ಬೆರಳು ನಿಂತಿತು.

"ನಾನೂರ ಹದಿನೇಳು" ಎಂದರು. ಆಮೇಲೆ ಕೆಳಗಿನ ಸಾಲು. "ನಾನೂರ ಹದಿನೇಳು. ಮತ್ತೆ ನಾನೂರ ಹದಿನೇಳು." ಮುಖವೆತ್ತಿದರು. "ಸರ್, ಇದು ನನ್ನ ಕಾರ್ಡು. ಒಂದೇ ವರ್ಷ ಒಂಬತ್ತು ಸಲ ಈ ಪುಸ್ತಕ ತಗೊಂಡು ಹೋಗಿದೀನಿ. ಇವರು ನನಗೋಸ್ಕರ ಮೊದಲು ಹೊಲಿದ ಪುಸ್ತಕ ಇದು. ನಾನು..." ಅವರು ಪಟ್ಟಿಯನ್ನು ಹತ್ತಿರ ಎಳೆದುಕೊಂಡರು. "ಇದನ್ನ ಅರೆಯೋಕೆ ಕಳಿಸಿ ಅಂತ ನಾನೇ ಸಹಿ ಹಾಕಿದೀನಿ."

ಪ್ರಾಂಶುಪಾಲರು ಒಂದು ಚೀಟಿಯನ್ನು ಎತ್ತಿ ತಿರುಗಿಸಿ ನೋಡಿದರು. ಆಮೇಲೆ ಅವರಿಗೊಂದು ದಾರಿ ಹೊಳೆಯಿತು. "ಇದನ್ನ ಒಳಗೆ ಬಚ್ಚಿಟ್ಟವರು ಯಾರು? ಹಳೇ ಚೀಟಿ ಕೊನೇ ಹಾಳೆಯಲ್ಲೇ ಇದ್ದಿದ್ರೆ ಈ ಗೊಂದಲವೇ ಇರ್ತಿರಲಿಲ್ಲ. ಇದು ನಿನ್ನ ತಪ್ಪಲ್ವೇನಮ್ಮ?"

"ನಂದೇ ತಪ್ಪು" ಎಂದಳು ಗೋಂದಕ್ಕ. ಒಂದಿಷ್ಟೂ ದನಿ ತಗ್ಗಿಸಲಿಲ್ಲ. "ಕಾಗದ ವ್ಯರ್ಥ ಆಗಬಾರದು ಅಂತ ನಮ್ಮಪ್ಪ ಹೇಳಿಕೊಟ್ಟದ್ದನ್ನ ಮಾಡಿದೆ. ಕಾಗದ ಉಳಿಸಿದೆ, ಕಾಗದದ ಮೇಲಿರೋದನ್ನ ಮುಚ್ಚಿಬಿಟ್ಟೆ. ಇಪ್ಪತ್ತೊಂಬತ್ತು ವರ್ಷದ ತಪ್ಪು, ಎಲ್ಲರ ಎದುರಿಗೆ ಒಪ್ಕೋತೀನಿ. ಶಿಕ್ಷೆ ನನಗೆ ಕೊಡಿ. ಪುಸ್ತಕಕ್ಕೆ ಯಾಕೆ ಕೊಡ್ತೀರಾ?"

"ಒಂದು ಪುಸ್ತಕದಲ್ಲಿ ಹೀಗಿದೆ ಅಂತ..."

ಅವಳು ಎರಡನೆಯದನ್ನು ತೆಗೆದುಕೊಂಡು ಬೆನ್ನು ಸೀಳಿದಳು. ಮೂರನೆಯದು. ನಾಲ್ಕನೆಯದು. ಒದ್ದೆ ಬಟ್ಟೆ, ಉಗುರು, ಚೀಟಿಗಳು. ಮೇಜು ತುಂಬಿತು. ಕಿಟಕಿಯಾಚೆ ಯಾರೋ, "ಅದು ಗಿಡಮೂಲಿಕೆ ಪುಸ್ತಕ ಕಣೇ, ನಾನು ಮೂರು ತಿಂಗಳು ಕಾದು ತಗೊಂಡಿದ್ದೆ" ಎಂದದ್ದು ಕೇಳಿಸಿತು.

"ಸಾಕು ನಿಲ್ಸು!" ಎಂದು ಪ್ರಾಂಶುಪಾಲರು ಎದ್ದರು. "ಪುಸ್ತಕ ಹಾಳು ಮಾಡ್ತಿದೀಯ!"

"ನಾನು ಸೀಳಿದ್ದನ್ನ ನಾನೇ ಹೊಲೀಬಲ್ಲೆ ಸಾರ್. ನೀವು ಅರೆಸಿದ್ದನ್ನ ಯಾರು ಹೊಲೀತಾರೆ?"

ಆಗ ಒಂದು ಆಶ್ಚರ್ಯ ನಡೆಯಿತು. ಗ್ರಂಥಾಲಯದಲ್ಲಿ ಯಾರೋ ಕೂಗಿದರು. ಕೂಗಿದವರು ಶ್ ಸಾರ್.

"ನನ್ನ ಸಹಿ ವಾಪಸ್!"

ವಾಚನಾಲಯದವರೆಗೂ ಕೇಳಿಸಿರಬೇಕು. ಅಲ್ಲಿಂದ ಯಾರೋ ಪೋಕರಿ "ಶ್..." ಎಂದ. ಕಿಟಕಿಯಾಚೆ ನಗೆ ಸಿಡಿಯಿತು. ಶ್ ಸಾರ್ ಲೆಕ್ಕಿಸಲಿಲ್ಲ. "ಹೊಲಿದ ಪುಸ್ತಕಕ್ಕೆ ಹೊಸ ಚೀಟಿ ಬರುತ್ತೆ ಅಂತ ನನಗೆ ಗೊತ್ತಿತ್ತು. ಎಣಿಸೋರು ಬಂದಾಗ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಈಗ ಬಿಡ್ತೀನಿ. ಲಾರಿ ವಾಪಸ್ ಹೋಗಲಿ."

ಗಣಿತದ ಮೇಡಂ ಪಟ್ಟಿಯ ಮೇಲೆ ತಮ್ಮ ಸಹಿಗೆ ಅಡ್ಡಗೆರೆ ಎಳೆದರು. ನಾನೂ ಎಳೆದೆ. ಮೂರು ಸಹಿಯೂ ಇಲ್ಲದ ಪಟ್ಟಿ ಬರಿಯ ಕಾಗದ.

ಪ್ರಾಂಶುಪಾಲರು ಸೋತರೂ ಪಟ್ಟು ಬಿಡಲಿಲ್ಲ. "ಆಗಲಿ, ಪುಸ್ತಕದ ಮಾತು ಮತ್ತೊಮ್ಮೆ ನೋಡೋಣ. ಕೋಣೆಯ ಮಾತು ಬೇರೆ. ವಿದ್ಯಾರ್ಥಿಗಳಿಗೆ ನೆಮ್ಮದಿಯ ಜಾಗ ಬೇಕು ಅಂತ ಪ್ರಶ್ನಾವಳಿಯಲ್ಲೇ ಬಂದಿದೆ."

"ಬಂದಿದೆ ಸಾರ್" ಎಂದಳು ಗೋಂದಕ್ಕ. "ಕಟ್ಟೋಕೆ ನನ್ನ ಹತ್ರಾನೇ ಕಳಿಸಿದ್ರಿ. ಕಟ್ಟಿದ್ದನ್ನ ಓದದೆ ಇಡೋ ಅಭ್ಯಾಸ ನನಗಿಲ್ಲ. ಒಂದು ಪುಟ ಅಂತ ಶುರು ಮಾಡಿದೆ, ಬಿಡೋಕಾಗಲಿಲ್ಲ, ಎಲ್ಲಾನೂ ಓದಿದೆ." ಕಪಾಟಿನಿಂದ ನೀಲಿ ಬೆನ್ನಿನ ದಪ್ಪ ಸಂಪುಟವನ್ನು ತಂದು ಅವರ ಕೈಗಿಟ್ಟಳು. "ಆರನೇ ಪ್ರಶ್ನೆ. ಕಾಲೇಜಿನಲ್ಲಿ ನಿಮಗೆ ಮನಸ್ಸು ಹಗುರ ಆಗೋ ಜಾಗ ಯಾವುದು. ಎಲ್ಲಿ ಬೇಕಾದ್ರೂ ತೆಗೆದು ನೋಡಿ."

ಅವರು ತೆಗೆದರು. ಓದಿದರು. ಹಾಳೆ ಮಗುಚಿದರು. ಮತ್ತೆ ಓದಿದರು. ನಾನು ಅವರ ಪಕ್ಕದಲ್ಲಿದ್ದುದರಿಂದ ನನಗೂ ಕಾಣುತ್ತಿತ್ತು. ಒಬ್ಬರು ಆಟದ ಮೈದಾನ ಎಂದು ಬರೆದಿದ್ದರು. ಒಬ್ಬ ಗೇಟಿನ ಆಚೆ ಎಂದು ಬರೆದಿದ್ದ. ಉಳಿದಂತೆ ಸಾಲುಸಾಲಾಗಿ, ಬೇರೆ ಬೇರೆ ಕೈಬರಹದಲ್ಲಿ, ಕೆಲವು ಕಡೆ ಕಾಗುಣಿತದ ತಪ್ಪಿನೊಂದಿಗೆ: ಗೋಂದಕ್ಕನ ಕೋಣೆ. ಅಂಟಿನ ಕೋಣೆ. ಲೈಬ್ರರಿ ಹಿಂದೆ, ಗೋಂದಕ್ಕ ಹತ್ರ.

"ಇದನ್ನ ನೀವು ಓದಿರಲಿಲ್ಲ ಅಂತ ಕಾಣುತ್ತೆ" ಎಂದಳು ಅವಳು. "ಉದ್ದ ಇತ್ತು, ನಿಜ."

ಅವರು ಸಂಪುಟವನ್ನು ಮೇಜಿನ ಮೇಲಿಟ್ಟು, ಕರವಸ್ತ್ರದಿಂದ ಮುಖ ಒರೆಸಿಕೊಂಡು, ಲಾರಿಯವನಿಗೆ ಹೋಗಲು ಹೇಳಿ ಹೊರಟರು. ಬಾಗಿಲಿನಲ್ಲಿ ನಿಂತು, "ಮೆತ್ತನೆ ಆಸನಗಳು ಬರ್ತವೆ. ಅವನ್ನ ಇಲ್ಲೇ ಎಲ್ಲಾದ್ರೂ ಹಾಕ್ಕೋ" ಎಂದರು. ವರ್ಗಾವಣೆಯ ಆದೇಶದ ಬಗ್ಗೆ ಏನೂ ಹೇಳಲಿಲ್ಲ. ಅವಳೂ ಕೇಳಲಿಲ್ಲ. ಮರುದಿನ ಎಂದಿನ ವೇಳೆಗೆ ಬಂದು ಒಲೆ ಹಚ್ಚಿದಳು. ಅದರ ಮರುದಿನವೂ ಬಂದಳು. ವಿದ್ಯಾರ್ಥಿನಿಲಯದ ಬಕೆಟ್ಟುಗಳನ್ನು ಯಾರು ಎಣಿಸಿದರೋ ನನಗೆ ತಿಳಿಯದು.

ಪಟ್ಟಿಯನ್ನು ನಾವು ಮೂವರೂ ಸೇರಿ ಪುಸ್ತಕ ಪುಸ್ತಕ ಹಿಡಿದು ನೋಡಿದೆವು. ಎರಡು ತಿಂಗಳು ಹಿಡಿಯಿತು. ನೀಲಿ ಬೆನ್ನಿನವು ಆರುನೂರ ನಲವತ್ತು, ಎಲ್ಲವೂ ಉಳಿದವು. ಉಳಿದವುಗಳಲ್ಲಿ ನಿಜಕ್ಕೂ ಯಾರಿಗೂ ಬೇಡವಾದವು ಸಾವಿರಕ್ಕೂ ಹೆಚ್ಚಿದ್ದವು. ಕಾಲ ಮುಗಿದ ಮಾರ್ಗದರ್ಶಿಗಳು, ಒಂದೇ ಪುಸ್ತಕದ ಹನ್ನೆರಡು ಪ್ರತಿಗಳು. ಅವಕ್ಕೆ ರದ್ದು ಮುದ್ರೆಯನ್ನು ಒತ್ತಿದವಳು ಗೋಂದಕ್ಕನೇ. ನಾನು ಒಂದರ ಮೇಲೆ ಕನಿಕರ ತೋರಿದಾಗ ಗದರಿದಳು. "ಏನು ಮೇಷ್ಟ್ರೇ, ನಿಮ್ಮದು ಎರಡೂ ಅತಿ. ಮೊದಲು ನೋಡದೆ ಎಲ್ಲಾ ಕಳಿಸಿದ್ರಿ, ಈಗ ನೋಡಿ ಎಲ್ಲಾ ಇಟ್ಕೋತೀರಿ. ಒತ್ತಿ, ಒತ್ತಿ."

ಅವಳು ತನ್ನ ರೂಢಿಯನ್ನೂ ತಿದ್ದಿಕೊಂಡಳು. ಹಳೆಯ ಚೀಟಿಗಳು ಆಮೇಲೆ ಬೆನ್ನಿನೊಳಗೆ ಹೋಗಲಿಲ್ಲ. ಹಿಂದಿನ ರಟ್ಟಿನ ಒಳಮೈಗೆ, ಎಲ್ಲರಿಗೂ ಕಾಣುವಂತೆ, ಒಂದರ ಕೆಳಗೊಂದು. ಬೆನ್ನಿಗೆ ಬೇರೆ ಕಾಗದ ಬೇಕಲ್ಲ? ಪಟ್ಟಿಯ ಪ್ರತಿಗಳಿದ್ದವು, ಎರಡು ಸಾವಿರದ ಆರುನೂರು ಹೆಸರುಗಳ ಪಟ್ಟಿ, ಒಳ್ಳೆಯ ಗಟ್ಟಿ ಕಾಗದ. ಅದನ್ನು ಸೀಳಿ ಸೀಳಿ ಒಂದು ವರ್ಷ ಬಳಸಿದಳು.

ಮೆತ್ತನೆಯ ಆಸನಗಳು ನಾಲ್ಕು ಬಂದವು. ವಿದ್ಯಾರ್ಥಿಗಳು ಅವುಗಳ ಮೇಲೆ ಕುಳಿತು ಕಾಗದ ಮಡಚುತ್ತಿದ್ದರು. ತೇಗದ ಫಲಕ ಮಾತ್ರ ಬಹಳ ದಿನ ಗೋಡೆಗೆ ಒರಗಿಕೊಂಡೇ ಇತ್ತು. ಒಂದು ದಿನ ಪ್ರಾಂಶುಪಾಲರು ಆ ದಾರಿಯಲ್ಲಿ ಬಂದವರು ಒಳಗೆ ಇಣುಕಿ, "ಅದನ್ನ ಬಾಗಿಲಿಗೆ ಹಾಕಿಸಲೇ ಇಲ್ಲವಲ್ಲ?" ಎಂದು ಕೇಳಿದರು.

"ಬಳಕೆಗೆ ಬಂತು ಸಾರ್" ಎಂದಳು ಗೋಂದಕ್ಕ, ಅಂಟಿನ ಕೈ ಒರೆಸಿಕೊಳ್ಳುತ್ತಾ.

ನೋಡಿದರೆ ಗೋಡೆ ಖಾಲಿ. ಫಲಕ ಒತ್ತುಯಂತ್ರದೊಳಗಿತ್ತು. ಅದರ ಕೆಳಗೆ ಅಂದು ಹೊಲಿದ ಐದು ಪುಸ್ತಕಗಳು ಒಣಗುತ್ತಿದ್ದವು. ಅಕ್ಷರದ ಮೈ ಮೇಲಿತ್ತು, ನುಣುಪಾದ ಮೈ ಪುಸ್ತಕದ ಕಡೆಗೆ.

"ಒಳ್ಳೆ ಮರ ಸಾರ್. ಚೂರೂ ಬಾಗಲ್ಲ" ಎನ್ನುತ್ತಾ ಅವಳು ಯಂತ್ರದ ಹಿಡಿಯನ್ನು ಇನ್ನೊಂದು ಸುತ್ತು ಬಿಗಿ ಮಾಡಿದಳು.